ಸೊನ್ನೆಯಾಗದ ಕಂತು: ಜೀವವಿಮೆಯ ವಂಚಕ ಮಾರಾಟ, ಸಮೂಹ ದಾವೆಯ ರಾಜಿ ಮತ್ತು ನ್ಯಾಯಾಲಯದ ಪರಿಶೀಲನೆ

1980ರ ಡಿಸೆಂಬರಿನಲ್ಲಿ ಅಮೆರಿಕದ ಬ್ಯಾಂಕುಗಳ ಪ್ರೈಮ್ ಬಡ್ಡಿ ದರ ಶೇ. 21.5 ಮುಟ್ಟಿತ್ತು. ಆ ದಶಕದಲ್ಲಿ ಜೀವವಿಮಾ ಏಜೆಂಟರು ಗ್ರಾಹಕರ ಮುಂದೆ ಹರಡುತ್ತಿದ್ದ ಕಂಪ್ಯೂಟರ್ ಮುದ್ರಿತ ಅಂದಾಜು ಪಟ್ಟಿಗಳ ಹಿಂದೆ ಇದ್ದದ್ದು ಇಂಥ ಏರು ದರಗಳ ಲೆಕ್ಕ. ಒಂದು ಕಡೆ ವರ್ಷ, ಪಕ್ಕದಲ್ಲಿ ಕಟ್ಟಬೇಕಾದ ಕಂತು. ಮೊದಲ ಏಳೆಂಟು ಸಾಲುಗಳಲ್ಲಿ ಒಂದೇ ಮೊತ್ತ, ಅಲ್ಲಿಂದ ಕೆಳಕ್ಕೆ ಬರೀ ಸೊನ್ನೆ. ಇಷ್ಟು ವರ್ಷ ಕಟ್ಟಿದರೆ ಸಾಕು, ಮುಂದಿನ ಕಂತುಗಳನ್ನು ಪಾಲಿಸಿಯ ಡಿವಿಡೆಂಡೇ ತುಂಬಿಕೊಳ್ಳುತ್ತದೆ ಎಂಬ ಭರವಸೆಯನ್ನು ಆ ಸೊನ್ನೆಗಳು ಕೊಡುತ್ತಿದ್ದವು. ಬಡ್ಡಿ ಇಳಿಯಿತು, ಡಿವಿಡೆಂಡ್ ಕುಗ್ಗಿತು, ಕಂತು ಮಾತ್ರ ನಿಲ್ಲಲಿಲ್ಲ. ಪಟ್ಟಿ ನಂಬಿ ನಿವೃತ್ತಿಯ ಲೆಕ್ಕ ಹಾಕಿಕೊಂಡವರು ಮತ್ತೆ ಹಣ ಹೊಂದಿಸಬೇಕಾಯಿತು.

ಈ ಬಗೆಯ ಮಾರಾಟದ ಮೇಲೆ ಹೂಡಿದ ದೊಡ್ಡ ದಾವೆಗಳಲ್ಲೊಂದು ಪ್ರುಡೆನ್ಷಿಯಲ್ ಎಂಬ ಜೀವವಿಮಾ ಕಂಪನಿಯ ಮೇಲಿನ ಪ್ರಕರಣ. ಬೇರೆ ಬೇರೆ ಕಡೆ ದಾಖಲಾದ ದಾವೆಗಳನ್ನು 1995ರಲ್ಲಿ ನ್ಯೂಜೆರ್ಸಿಯ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ಒಟ್ಟುಗೂಡಿಸಲಾಯಿತು. ಆರೋಪಗಳು ಮೂರು. ಮೊದಲನೆಯದು, ಮೇಲೆ ಹೇಳಿದ ‘ಮಾಯವಾಗುವ ಕಂತು’. ಎರಡನೆಯದು, ಹಳೆಯ ಪಾಲಿಸಿಯಲ್ಲಿ ಕೂಡಿದ್ದ ಹಣವನ್ನೇ ತೆಗೆದು ಹೊಸ ಪಾಲಿಸಿ ಮಾಡಿಸುವುದು. ಏಜೆಂಟನಿಗೆ ಮೊದಲ ವರ್ಷದ ದೊಡ್ಡ ಕಮಿಷನ್ ಮತ್ತೊಮ್ಮೆ ಸಿಗುತ್ತದೆ, ಪಾಲಿಸಿದಾರನ ಗಂಟು ಕರಗುತ್ತದೆ. ಮೂರನೆಯದು, ವಿಮೆ ಎಂಬುದನ್ನೇ ಮರೆಮಾಚಿ ಹೂಡಿಕೆ ಯೋಜನೆ ಎಂದು ಮಾರುವುದು. 1982ರಿಂದ 1995ರವರೆಗೆ ಪಾಲಿಸಿ ಪಡೆದ 80 ಲಕ್ಷಕ್ಕೂ ಹೆಚ್ಚು ಜನ ಈ ಸಮೂಹಕ್ಕೆ ಸೇರಿದವರು. 1996ರ ಅಕ್ಟೋಬರಿನಲ್ಲಿ ರಾಜಿಯಾಯಿತು, 1997ರ ಮಾರ್ಚಿನಲ್ಲಿ ನ್ಯಾಯಾಧೀಶ ಆಲ್ಫ್ರೆಡ್ ವೋಲಿನ್ ಅದಕ್ಕೆ ಒಪ್ಪಿಗೆ ಕೊಟ್ಟರು. ಮೇಲ್ಮನವಿಯಲ್ಲಿ ಥರ್ಡ್ ಸರ್ಕ್ಯೂಟ್ ನ್ಯಾಯಾಲಯ 1998ರ ಜುಲೈನಲ್ಲಿ ಕೊಟ್ಟ ತೀರ್ಪನ್ನು ಬರೆದವರು ನ್ಯಾಯಾಧೀಶ ಆಂಥನಿ ಸ್ಕಿರಿಕಾ.

ಆ ತೀರ್ಪು ರಾಜಿಯನ್ನು ಎತ್ತಿಹಿಡಿಯಿತು, ವಕೀಲರ ಶುಲ್ಕದ ಆದೇಶವನ್ನು ಮಾತ್ರ ರದ್ದುಮಾಡಿ ಹಿಂದಕ್ಕೆ ಕಳಿಸಿತು. ವ್ಯಾಖ್ಯಾನಕಾರರು ಶುಲ್ಕದ ಭಾಗವನ್ನು ಸಾಮಾನ್ಯವಾಗಿ ಬಾಲಂಗೋಚಿಯೆಂದು ಓದುತ್ತಾರೆ. ರಾಜಿಯ ಬೆಲೆ ಎಷ್ಟು, ಅದನ್ನು ಗಳಿಸಿದವರು ಯಾರು ಎಂಬ ಪ್ರಶ್ನೆಯನ್ನು ನ್ಯಾಯಾಲಯ ನಿಷ್ಠುರವಾಗಿ ಕೇಳಿದ್ದು ಅಲ್ಲಿಯೇ ಎಂಬುದು ಈ ಲೇಖನದ ವಾದ.

ರಾಜಿ ನ್ಯಾಯೋಚಿತವೇ ಎಂದು ವಿಚಾರಣೆ ನಡೆಯುವ ದಿನ ವಾದಿ, ಪ್ರತಿವಾದಿ ಇಬ್ಬರ ವಕೀಲರೂ ಒಂದೇ ಪಕ್ಷ. ಇಬ್ಬರಿಗೂ ಬೇಕಾದದ್ದು ಒಪ್ಪಿಗೆಯ ಸಹಿ. ಎದುರು ನಿಲ್ಲುವವರೆಂದರೆ ಆಕ್ಷೇಪಣೆ ಸಲ್ಲಿಸಿದ ಬೆರಳೆಣಿಕೆಯ ಪಾಲಿಸಿದಾರರು. ಪ್ರುಡೆನ್ಷಿಯಲ್‌ನಲ್ಲಿ ಆಕ್ಷೇಪಣೆಗಳು 300ರ ಆಸುಪಾಸು. ರಾಜಿಯನ್ನು ತೂಗಲು 1975ರ ಗರ್ಶ್ ತೀರ್ಪು ಕೊಟ್ಟ ಒಂಬತ್ತು ಅಂಶಗಳಲ್ಲಿ ಸಮೂಹದ ಪ್ರತಿಕ್ರಿಯೆಯೂ ಒಂದು. ಆದರೆ ಲಕ್ಷಾಂತರ ಜನ ಸುಮ್ಮನಿದ್ದದ್ದನ್ನು ಒಪ್ಪಿಗೆಯೆಂದು ಎಣಿಸಬಹುದೇ? ನೋಟಿಸಿನ ಕಾನೂನು ಭಾಷೆ ಅರ್ಥವಾಗದೆ ಪಕ್ಕಕ್ಕಿಟ್ಟವರೂ ಆ ಮೌನದಲ್ಲಿದ್ದಾರೆ. ಜನರಲ್ ಮೋಟಾರ್ಸ್ ಟ್ರಕ್ ಪ್ರಕರಣದಲ್ಲಿ ಇದೇ ಥರ್ಡ್ ಸರ್ಕ್ಯೂಟ್ 1995ರಲ್ಲಿ ಈ ಬಗ್ಗೆ ಎಚ್ಚರಿಸಿತ್ತು.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಮಾರಾಟದ ಮಾತು ಮನೆಯಿಂದ ಮನೆಗೆ ಬೇರೆ. ಯಾರು ಯಾವ ಮಾತು ನಂಬಿ ಸಹಿ ಹಾಕಿದರೆಂಬುದು ಪ್ರತಿಯೊಬ್ಬರಿಗೂ ಬೇರೆ. ಕಂಪನಿ ಮಟ್ಟದಲ್ಲೇ ರೂಪಿಸಿದ ಒಂದೇ ಮಾರಾಟ ತಂತ್ರ ಎಂಬ ಕಾರಣಕ್ಕೆ ಪ್ರುಡೆನ್ಷಿಯಲ್‌ನಲ್ಲಿ ಸಮೂಹಕ್ಕೆ ಮಾನ್ಯತೆ ಸಿಕ್ಕಿತು. 2001ರಲ್ಲಿ ಲೈಫ್‌ಯುಎಸ್‌ಎ ಪ್ರಕರಣದಲ್ಲಿ ವರ್ಷಾಶನ ಪಾಲಿಸಿ ಕೊಂಡವರ ಸಮೂಹಕ್ಕೆ ಕೆಳ ನ್ಯಾಯಾಲಯ ಕೊಟ್ಟಿದ್ದ ಮಾನ್ಯತೆಯನ್ನು ಇದೇ ಮೇಲ್ಮನವಿ ನ್ಯಾಯಾಲಯ ತಳ್ಳಿಹಾಕಿತು: ಏಜೆಂಟರು ಸ್ವತಂತ್ರರು, ಅವರ ಮಾತಿಗೆ ಒಂದೇ ಬರಹವಿಲ್ಲ, ಮೇಲಾಗಿ ಇದು ರಾಜಿಗಾಗಿ ಕಟ್ಟಿದ ಸಮೂಹವಲ್ಲ, ವಿಚಾರಣೆಗಾಗಿ ಕೇಳಿದ್ದು. ಎರಡನ್ನೂ ಜೊತೆಗಿಟ್ಟು ಓದಿದರೆ ಸಿಗುವ ಅರ್ಥ ಕಳವಳಕಾರಿ. ಬಾಯಿಮಾತಿನ ವಂಚನೆಗೆ ಒಳಗಾದವರು ಒಂದು ಸಮೂಹವಾಗುವುದು ಬಹುಪಾಲು ಕಂಪನಿ ರಾಜಿಗೆ ಒಪ್ಪಿದಾಗ ಮಾತ್ರ. ವಿಚಾರಣೆಗೆ ಹೋಗುತ್ತೇನೆಂದು ಹೆದರಿಸಲಾಗದ ವಕೀಲ ಹೆಚ್ಚಿನದನ್ನು ಕೇಳುವುದಾದರೂ ಹೇಗೆ? 1997ರ ಆಮ್‌ಕೆಮ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಎತ್ತಿದ ಆತಂಕ ಇದೇ.

ಹಾಗಾದರೆ ಪ್ರುಡೆನ್ಷಿಯಲ್‌ನಲ್ಲಿ ಕಂಪನಿ ಮಣಿದದ್ದು ಯಾರ ಒತ್ತಡಕ್ಕೆ? ವಿಮಾ ನಿಯಂತ್ರಕರ ಒತ್ತಡವನ್ನು ಬಿಟ್ಟು ಇದಕ್ಕೆ ಉತ್ತರ ಹೇಳಲಾಗದು. ಹಲವು ರಾಜ್ಯಗಳ ನಿಯಂತ್ರಕರು ಸೇರಿ 1995ರಲ್ಲಿ ಜಂಟಿ ಕಾರ್ಯಪಡೆ ಕಟ್ಟಿದರು, 1996ರ ಜುಲೈನಲ್ಲಿ ವರದಿ ಕೊಟ್ಟರು. ವರದಿಯ ಜೊತೆಗೆ ಪರಿಹಾರದ ಯೋಜನೆಯೂ ಇತ್ತು; ಕಂಪನಿ 3.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. ಸಮೂಹದ ವಕೀಲರ ರಾಜಿ ಬೆಳೆದದ್ದು ಈ ಅಡಿಪಾಯದ ಮೇಲೆ. ನ್ಯಾಯಾಲಯದ ಕಣ್ಣೂ ಮುಚ್ಚಿರಲಿಲ್ಲ. ದಾಖಲೆಗಳನ್ನು ಕಾಪಾಡಬೇಕೆಂಬ ಆದೇಶವಿದ್ದರೂ ಕೆಲವು ಕಚೇರಿಗಳಲ್ಲಿ ಕಾಗದಪತ್ರ ನಾಶವಾದದ್ದಕ್ಕೆ ವೋಲಿನ್ 1997ರ ಜನವರಿಯಲ್ಲಿ ಕಂಪನಿಗೆ 10 ಲಕ್ಷ ಡಾಲರ್ ದಂಡ ಹಾಕಿದ್ದರು.

ಒಪ್ಪಂದದ ರಚನೆಯಲ್ಲಿ ಮೆಚ್ಚಬೇಕಾದ್ದಿದೆ. ಎಲ್ಲರಿಗೂ ಸಮನಾಗಿ ಒಂದಿಷ್ಟು ಹಂಚಿ ಕೈತೊಳೆದುಕೊಳ್ಳಲಿಲ್ಲ. ಪ್ರತಿ ದೂರನ್ನೂ ಸಾಕ್ಷ್ಯದ ಬಲ ನೋಡಿ 0ಯಿಂದ 3ರವರೆಗೆ ಅಂಕ ಕೊಟ್ಟು ತೂಗುವ, ಮೇಲಿನ ಹಂತಗಳಲ್ಲಿ ಕಂಪನಿಯ ಹೊರಗಿನವರು ಮರುಪರಿಶೀಲಿಸುವ ವ್ಯವಸ್ಥೆ ಅಲ್ಲಿತ್ತು. ಕನಿಷ್ಠ 41 ಕೋಟಿ ಡಾಲರ್ ಖಾತರಿ. ಸಮೂಹವಾಗಿ ಸಾಬೀತುಪಡಿಸಲಾಗದ್ದನ್ನು ಒಬ್ಬೊಬ್ಬರೇ ಹೇಳಿಕೊಳ್ಳಲು ಹೀಗೆ ಜಾಗವಾಯಿತು.

ಇನ್ನು ಶುಲ್ಕ. ವಕೀಲರು ಕೇಳಿದ್ದು, ಜಿಲ್ಲಾ ನ್ಯಾಯಾಲಯ ಕೊಟ್ಟದ್ದು 9 ಕೋಟಿ ಡಾಲರ್. ಅದನ್ನು ಕೊಡುವವರು ಪಾಲಿಸಿದಾರರಲ್ಲ, ಕಂಪನಿಯೇ. ಆ ಮೊತ್ತದವರೆಗೆ ತಾನು ವಿರೋಧಿಸುವುದಿಲ್ಲ ಎಂದೂ ಕಂಪನಿ ಒಪ್ಪಿತ್ತು. ಹೀಗಿರುವಾಗ ಯಾರಿಗೇನು ನಷ್ಟ ಎಂದು ಕೇಳಬಹುದು. ಆದರೆ ಕಂಪನಿ ಈ ಒಟ್ಟು ವ್ಯಾಜ್ಯ ತೀರಿಸಲು ಎಷ್ಟು ಖರ್ಚಿಗೆ ಸಿದ್ಧವಿದೆಯೋ ಅದರೊಳಗಿಂದಲೇ ಎರಡೂ ಹೋಗಬೇಕು. ಶುಲ್ಕಕ್ಕೆ ಧಾರಾಳವಾದಷ್ಟೂ ಪರಿಹಾರಕ್ಕೆ ಬಿಗಿಯಾಗುವ ಸಾಧ್ಯತೆ ಇದ್ದೇ ಇದೆ. ಮೇಲ್ಮನವಿ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಾರ್ಯಪಡೆಯ ಯೋಜನೆಯಿಂದ ಹೇಗೂ ಬರುತ್ತಿದ್ದ ಲಾಭ ಯಾವುದು, ವಕೀಲರು ಅದಕ್ಕೆ ಕೂಡಿಸಿದ್ದು ಎಷ್ಟು, ಬೇರ್ಪಡಿಸಿ ಹೇಳಿ ಎಂದಿತು. ಇದೇ ಪ್ರಶ್ನೆಯನ್ನು ರಾಜಿಯ ನ್ಯಾಯೋಚಿತತೆಯ ಭಾಗದಲ್ಲಿ ಅಷ್ಟೇ ಖಚಿತವಾಗಿ ಕೇಳಬೇಕಿತ್ತು. ಎಂಬತ್ತು ಲಕ್ಷ ಜನರು ತಮ್ಮ ದಾವೆಯ ಹಕ್ಕನ್ನು ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಸಿಕ್ಕದ್ದು ನಿಯಂತ್ರಕರು ಗಳಿಸಿಕೊಟ್ಟದ್ದಕ್ಕಿಂತ ಎಷ್ಟು ಹೆಚ್ಚು ಎಂಬುದೇ ಒಪ್ಪಂದದ ನಿಜವಾದ ಅಳತೆ.

ಆಮೇಲಿನ ಕಾನೂನು ಈ ದಿಕ್ಕಿನಲ್ಲಿ ಸ್ವಲ್ಪ ಸರಿದಿದೆ. 2005ರ ಕ್ಲಾಸ್ ಆಕ್ಷನ್ ಫೇರ್‌ನೆಸ್ ಕಾಯ್ದೆ ಪ್ರಕಾರ ರಾಜಿಯ ಸುದ್ದಿ ಸರ್ಕಾರಿ ಅಧಿಕಾರಿಗಳಿಗೆ ತಲುಪಬೇಕು, ಆನಂತರ 90 ದಿನ ಕಳೆಯದೆ ಅಂತಿಮ ಒಪ್ಪಿಗೆ ಇಲ್ಲ. ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳಲ್ಲಿ 2018ರಲ್ಲಿ ತಿದ್ದಿದ 23(ಇ) ನಿಯಮ, ಪರಿಹಾರ ಸಾಕೇ ಎಂದು ನೋಡುವಾಗಲೇ ಶುಲ್ಕದ ಷರತ್ತುಗಳನ್ನೂ ನೋಡಬೇಕೆನ್ನುತ್ತದೆ.

ನಮ್ಮಲ್ಲಿ 1976ರ ತಿದ್ದುಪಡಿಯಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶಕ್ಕೆ 3ಬಿ ನಿಯಮ ಸೇರಿದೆ. ಪ್ರಾತಿನಿಧಿಕ ದಾವೆಯ ರಾಜಿಗೆ ನ್ಯಾಯಾಲಯದ ಅನುಮತಿ ಬೇಕು, ಹಿತಾಸಕ್ತಿ ಇರುವವರಿಗೆ ನೋಟಿಸು ಹೋಗಬೇಕು. ಅನುಮತಿ ಕೊಡುವಾಗ ಏನನ್ನು ತೂಗಬೇಕೆಂದು ನಿಯಮ ಹೇಳುವುದಿಲ್ಲ. ಗೆದ್ದ ಮೊತ್ತದಲ್ಲಿ ಪಾಲು ಪಡೆಯುವುದು ನಮ್ಮ ವಕೀಲರಿಗೆ ನಿಷಿದ್ಧವಾದ್ದರಿಂದ ಶುಲ್ಕದ ವಿಚಾರಣೆಯ ಮೂಲಕ ರಾಜಿಯ ಬೆಲೆ ಹೊರಬರುವ ದಾರಿಯೂ ಇಲ್ಲಿಲ್ಲ. ಆದರೆ ಬೇರೊಂದು ಆಧಾರ ಇದೆ. ಇಲ್ಲಿನ ಲಾಭದ ಅಂದಾಜು ಪಟ್ಟಿಯಲ್ಲಿ ಹೂಡಿಕೆಯ ಗಳಿಕೆ ಶೇ. 4 ಮತ್ತು ಶೇ. 8 ಎಂದು ಊಹಿಸಿದ ಎರಡು ಲೆಕ್ಕಗಳನ್ನು ತೋರಿಸಬೇಕೆಂಬುದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮ. ಪಾಲಿಸಿದಾರರ ಸಮೂಹವೊಂದು ರಾಜಿಗೆ ಬಂದಾಗ ನ್ಯಾಯಾಲಯ ಮೊದಲು ತರಿಸಿ ನೋಡಬೇಕಾದ್ದು ಪ್ರತಿಯೊಬ್ಬರೂ ಸಹಿ ಹಾಕಿದ ಆ ಪಟ್ಟಿಯನ್ನು ಮತ್ತು ಆ ಕಂಪನಿಯ ಬಗ್ಗೆ ಪ್ರಾಧಿಕಾರದ ಬಳಿ ಇರುವ ತಪಾಸಣಾ ದಾಖಲೆಗಳನ್ನು.