ದೌಲತಾಬಾದಿನ ದಾರಿ: ಊರು ಬಿಟ್ಟವರು ಯಾರ ಇಚ್ಛೆಯಿಂದ ಹೋದರು?

ಊರು ಬಿಟ್ಟು ನಗರ ಸೇರಿದವರ ಕುರಿತು ನಮ್ಮ ಮಹಲ್ಲಾಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ‘ಪಾಪ, ಹೊಟ್ಟೆಪಾಡಿಗಾಗಿ ಹೋದ’ ಎಂಬುದು ಒಂದು. ‘ಇಲ್ಲೇನು ಕಡಿಮೆಯಾಗಿತ್ತು? ತನ್ನಿಷ್ಟದಿಂದ ಹೋದ’ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಕನಿಕರವಿದೆ, ಎರಡನೆಯದರಲ್ಲಿ ಆಕ್ಷೇಪವಿದೆ. ಹೋದವನನ್ನು ಊರಿನ ಜಮಾಅತ್ ಇನ್ನೂ ತನ್ನವನೆಂದು ಎಣಿಸಬೇಕೇ, ಸೇರಿದ ನಗರದ ಜಮಾಅತ್ ಅವನನ್ನು ತನ್ನವನೆಂದು ಒಪ್ಪಬೇಕೇ, ಕಷ್ಟ ಬಂದಾಗ ಝಕಾತಿನ ಪಟ್ಟಿಯಲ್ಲಿ ಅವನ ಹೆಸರು ಯಾರ ಪುಸ್ತಕದಲ್ಲಿರಬೇಕು ಎಂಬ ಪ್ರಶ್ನೆಗಳೆಲ್ಲ ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡಿವೆ. ಇಚ್ಛೆಯೋ ದುಡಿಮೆಯೋ ಎಂದು ಹೀಗೆ ಎರಡು ರಾಶಿ ಮಾಡುವುದು ಸುಲಭ. ಆದರೆ ಚರಿತ್ರೆಯ ನಗರಗಳು ಹಾಗೆ ತುಂಬಿದವುಗಳಲ್ಲ. ನಮ್ಮ ಕಲಬುರಗಿಯ ಹುಟ್ಟಿಗೂ ಸಂಬಂಧವಿರುವ ಒಂದು ಪ್ರಸಂಗವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಅದಕ್ಕೆ ಮೊದಲು ಮದೀನಾದ ಒಂದು ವಿಷಯ. ಕರ್ಮಗಳ ಬೆಲೆ ಸಂಕಲ್ಪದ ಮೇಲೆ ನಿಂತಿದೆ ಎಂದು ಕಲಿಸುವ ಹದೀಸ್, ಸಹೀಹುಲ್ ಬುಖಾರಿಯ ಮೊದಲ ಹದೀಸ್, ತನ್ನ ಉದಾಹರಣೆಯನ್ನು ವಲಸೆಯಿಂದಲೇ ಆರಿಸಿಕೊಂಡಿದೆ. ಅಲ್ಲಾಹನಿಗಾಗಿ ಊರು ಬಿಟ್ಟವನು ಇದ್ದಾನೆ, ಲೌಕಿಕ ಲಾಭಕ್ಕಾಗಿಯೋ ವಿವಾಹಕ್ಕಾಗಿಯೋ ಬಿಟ್ಟವನೂ ಇದ್ದಾನೆ. ಅವರವರಿಗೆ ಅವರವರ ಉದ್ದೇಶದ ಫಲ. ಇದನ್ನು ಹಿಡಿದುಕೊಂಡು ದುಡಿಮೆಗಾಗಿ ಹೋಗುವವರನ್ನು ಕೀಳಾಗಿ ಕಾಣುವವರಿದ್ದಾರೆ. ಅದು ಅಕ್ರಮ. ಹಿಜ್ರತ್ ಮಾಡಿದ ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಅನ್ಸಾರಿ ಸಹೋದರ ಹಝ್ರತ್ ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನೇ ನೀಡಲು ಮುಂದಾದಾಗ ಅವರು ಕೇಳಿದ್ದು ಮಾರುಕಟ್ಟೆಯ ದಾರಿಯನ್ನು. ಗಟ್ಟಿ ಮೊಸರು, ತುಪ್ಪಗಳ ವ್ಯಾಪಾರದಿಂದ ಅವರ ಹೊಸ ಬದುಕು ಆರಂಭವಾಯಿತು. ಹಝ್ರತ್ ಉಮರ್(ರ) ನೆರೆಯ ಅನ್ಸಾರಿಯೊಬ್ಬರೊಂದಿಗೆ ಸರದಿ ಮಾಡಿಕೊಂಡಿದ್ದರು. ಒಂದು ದಿನ ಇವರು ಪ್ರವಾದಿ(ಸ)ಯವರ ಸನ್ನಿಧಿಗೆ ಹೋದರೆ ಮರುದಿನ ಅವರು. ಜೀವನೋಪಾಯಕ್ಕೂ ದಿನ ಬೇಕಾಗಿತ್ತಲ್ಲವೇ? ಅಲ್ಲಾಹನ ಅನುಗ್ರಹವನ್ನರಸುತ್ತಾ ಭೂಮಿಯಲ್ಲಿ ಸಂಚರಿಸುವವರನ್ನು ಸೂರಃ ಅಲ್ ಮುಝ್ಝಮ್ಮಿಲ್ ಅಲ್ಲಾಹನ ಮಾರ್ಗದಲ್ಲಿ ಹೋರಾಡುವವರ ಜೊತೆಯಲ್ಲಿಯೇ ಉಲ್ಲೇಖಿಸಿದೆ. ಆದುದರಿಂದ ದುಡಿಮೆಗಾಗಿ ಹೋಗುವುದು ತಪ್ಪೇ ಎಂಬ ಪ್ರಶ್ನೆ ನಮ್ಮ ಮುಂದಿಲ್ಲ. ಹೋದವನಿಗೆ ಬೇರೆ ದಾರಿ ಇತ್ತೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಇನ್ನು ದೌಲತಾಬಾದಿಗೆ ಬರೋಣ. ಯಾದವರ ರಾಜಧಾನಿಯಾಗಿದ್ದ ದೇವಗಿರಿಯ ಮೇಲೆ ಅಲಾವುದ್ದೀನ್ ಖಿಲ್ಜಿ 1296ರಲ್ಲಿ ದಾಳಿ ಮಾಡಿದ್ದನು; 1318ರ ವೇಳೆಗೆ ಅದು ದೆಹಲಿಯ ನೇರ ಆಳ್ವಿಕೆಗೆ ಬಂದಿತ್ತು. 1327ರಲ್ಲಿ ಸುಲ್ತಾನ್ ಮುಹಮ್ಮದ್ ಬಿನ್ ತುಘಲಕ್ ಅದಕ್ಕೆ ದೌಲತಾಬಾದ್ ಎಂಬ ಹೆಸರಿನೊಂದಿಗೆ ರಾಜಧಾನಿಯ ಸ್ಥಾನ ಕೊಟ್ಟು, ದೆಹಲಿಯ ಜನರು ಅಲ್ಲಿಗೆ ತೆರಳಬೇಕೆಂದು ಆಜ್ಞಾಪಿಸಿದನು. ದಖ್ಖನ್ನನ್ನು ದೂರದ ದೆಹಲಿಯಿಂದ ಆಳುವುದು ಕಷ್ಟವೆಂಬುದು ಅವನ ಲೆಕ್ಕ. ಉಲಮಾಗಳು, ಸೂಫಿಗಳು, ಅಧಿಕಾರಿಗಳು ಅಲ್ಲಿ ನೆಲೆಸಿದರೆ ಆಳ್ವಿಕೆಗೆ ಬೇರು ಬರುತ್ತದೆಂದು ಅವನು ಭಾವಿಸಿದನು. ಲೆಕ್ಕ ತಪ್ಪಾಗಿರಲಿಲ್ಲವೆಂದೇ ನಮ್ಮ ಅನಿಸಿಕೆ. ತಪ್ಪಾದದ್ದು ಮನುಷ್ಯರನ್ನು ಸಾಮಾನಿನಂತೆ ಸಾಗಿಸಬಹುದೆಂದು ತಿಳಿದದ್ದು.

ಈ ಸ್ಥಳಾಂತರದ ಬಗ್ಗೆ ಮೂವರ ಬರಹಗಳು ನಮಗೆ ಲಭ್ಯವಿವೆ. ಝಿಯಾವುದ್ದೀನ್ ಬರನಿಯ ಪ್ರಕಾರ ದೆಹಲಿಯಲ್ಲಿ ನಾಯಿ ಬೆಕ್ಕು ಕೂಡ ಉಳಿಯಲಿಲ್ಲ; ಹೊರಟವರಿಗೆ ಸುಲ್ತಾನನು ಧಾರಾಳವಾಗಿ ಹಣ ಕೊಟ್ಟನೆಂಬುದನ್ನೂ ಬರನಿಯೇ ಬರೆಯುತ್ತಾನೆ. ಮೊರಾಕೊದ ಯಾತ್ರಿಕ ಇಬ್ನ್ ಬತೂತ ಕುರುಡನೊಬ್ಬನನ್ನು ದಾರಿಯುದ್ದಕ್ಕೂ ಎಳೆದೊಯ್ದು ಕಡೆಗೆ ಅವನ ಕಾಲು ಮಾತ್ರ ತಲುಪಿತೆಂಬ ಕಥೆ ಹೇಳುತ್ತಾನೆ. ಅವನು ದೆಹಲಿಗೆ ಬಂದುದೇ 1334ರಲ್ಲಿ, ಘಟನೆ ನಡೆದು ವರ್ಷಗಳಾದ ಮೇಲೆ. ಆದ್ದರಿಂದ ಅದು ಕೇಳಿದ ಮಾತು. 1327 ಮತ್ತು 1328ರ ಸಂಸ್ಕೃತ ಶಾಸನಗಳು ದೆಹಲಿಯ ಪರಿಸರದಲ್ಲಿ ದೊರೆತಿದ್ದು, ಅವು ನೆಮ್ಮದಿಯಾಗಿ ಬದುಕುತ್ತಿದ್ದ ಜನರ ಕುರುಹುಗಳು. ಊರಿಗೆ ಊರೇ ಖಾಲಿಯಾಗಲಿಲ್ಲ. ಮುಖ್ಯವಾಗಿ ಮುಸ್ಲಿಮ್ ಗಣ್ಯರು ಮತ್ತು ಅವರನ್ನು ಅವಲಂಬಿಸಿದ್ದವರು ಹೊರಡಬೇಕಾಯಿತು ಎಂದು ಅನೇಕ ಇತಿಹಾಸಕಾರರು ಇದರಿಂದ ತೀರ್ಮಾನಿಸಿದ್ದಾರೆ.

ಮೂರನೆಯವನು ಇಸಾಮಿ. ಅವನು ಸ್ವತಃ ಆ ದಾರಿಯಲ್ಲಿ ನಡೆದವನು. ಆಗ ಅವನಿಗೆ ಸುಮಾರು ಹದಿನಾರು ವರ್ಷ. ತೊಂಬತ್ತು ವರ್ಷದ ಅಜ್ಜನನ್ನು ಮನೆಯಿಂದ ಹೊರಡಿಸಲಾಯಿತು. ದೆಹಲಿಗೆ ಹತ್ತಿರದ ತಿಲ್‌ಪತ್ ಎಂಬ ಮೊದಲ ಬಿಡಾರದಲ್ಲಿಯೇ ಆ ವೃದ್ಧರು ತೀರಿಕೊಂಡರು; ಅವರನ್ನು ಅಲ್ಲಿಯೇ ದಫನ ಮಾಡಿ ಹುಡುಗ ಮುಂದೆ ನಡೆದನು. ಅವನ ಬರಹದಲ್ಲಿ ಸುಲ್ತಾನನ ಮೇಲಿನ ದ್ವೇಷ ಧಾರಾಳವಾಗಿದೆ, ಅದನ್ನು ಅಷ್ಟರಮಟ್ಟಿಗೆ ಕಳೆದೇ ಓದಬೇಕು. ಆದರೆ ಅಜ್ಜನ ಸಾವನ್ನು ಹಾಗೆ ಕಳೆದು ಓದಲು ನಮ್ಮಿಂದಾಗದು.

ಬರೆದವರೆಲ್ಲರೂ ಓದುಬರಹ ಬಲ್ಲವರು, ಅವರು ಬರೆದುದು ತಮ್ಮಂಥವರ ಬಗ್ಗೆ. ಪಲ್ಲಕ್ಕಿ ಹೊತ್ತವರು, ನೀರು ತಂದವರು, ಅಡುಗೆ ಮಾಡಿದವರು, ದೌಲತಾಬಾದಿನಲ್ಲಿ ಗೋಡೆ ಎಬ್ಬಿಸಿದವರು ಯಾವ ಪುಟದಲ್ಲೂ ಹೆಸರಾಗಿ ಉಳಿದಿಲ್ಲ. ಆಸ್ಥಾನದ ಉಪ್ಪು ತಿನ್ನುತ್ತಿದ್ದವರಿಗೆ ಆಸ್ಥಾನ ಹೋದಲ್ಲಿಗೆ ಹೋಗದೆ ಗತ್ಯಂತರವೂ ಇರಲಿಲ್ಲ. ಒಡೆಯನಿಗೆ ಆಜ್ಞೆ ಬಂದರೆ ಆಳಿಗೆ ದುಡಿಮೆ ಅಲ್ಲಿಗೆ ಹೋಯಿತೆಂದು ಅರ್ಥ. ಇದನ್ನು ಇಚ್ಛೆಯೆನ್ನೋಣವೇ, ದುಡಿಮೆಯೆನ್ನೋಣವೇ, ಆಜ್ಞೆಯೆನ್ನೋಣವೇ? ದೌಲತಾಬಾದಿನಲ್ಲಿ ಗಾಯಕ ಗಾಯಕಿಯರಿಗಾಗಿಯೇ ಒಂದು ದೊಡ್ಡ ಪೇಟೆಯಿತ್ತೆಂದು ಇಬ್ನ್ ಬತೂತ ಬರೆದಿದ್ದಾನೆ. ಅಲ್ಲಿ ಮಸೀದಿಗಳೂ ಇದ್ದವು, ರಮಝಾನಿನಲ್ಲಿ ತರಾವೀಹ್ ನಮಾಝೂ ನಡೆಯುತ್ತಿತ್ತು! ಗಣ್ಯರ ಬೆನ್ನಿಗೆ ಎಂತೆಂಥವರು ಬಂದು ನೆಲೆಸಿದ್ದರೆಂಬುದಕ್ಕೆ ಇಷ್ಟು ಸಾಕು.

ಆಜ್ಞೆ ಇದ್ದರೂ ಎಲ್ಲರೂ ಹೋಗಲಿಲ್ಲ ಎಂಬುದನ್ನೂ ಹೇಳಬೇಕು. ಹಝ್ರತ್ ನಿಝಾಮುದ್ದೀನ್ ಔಲಿಯಾ(ರಹ್)ರ ಶಿಷ್ಯರಲ್ಲಿ ಬುರ್ಹಾನುದ್ದೀನ್ ಗರೀಬ್(ರಹ್) ದಖ್ಖನ್ನಿಗೆ ಬಂದು 1337ರಲ್ಲಿ ಇಲ್ಲಿಯೇ ವಫಾತಾದರು. ಅವರ ಕಬರ್ ದೌಲತಾಬಾದಿನ ಸಮೀಪದ ಖುಲ್ದಾಬಾದಿನಲ್ಲಿದೆ. ಗುರುಗಳ ಮಾತುಗಳನ್ನು ಸಂಗ್ರಹಿಸಿದ ಕವಿ ಅಮೀರ್ ಹಸನ್ ಸಿಜ್ಝಿಯವರೂ ಅಲ್ಲಿಯೇ ಮಲಗಿದ್ದಾರೆ. ಅದೇ ಗುರುಗಳ ಇನ್ನೊಬ್ಬ ಶಿಷ್ಯ ಹಝ್ರತ್ ನಸೀರುದ್ದೀನ್ ಚಿರಾಗ್ ದೆಹಲಿ(ರಹ್) ದೆಹಲಿಯಲ್ಲಿಯೇ ಉಳಿದರು.

ಕೆಲವು ವರ್ಷಗಳು ಕಳೆದ ಮೇಲೆ ಸುಲ್ತಾನನೇ ಯೋಜನೆಯನ್ನು ಕೈಬಿಟ್ಟು, ಬೇಕಾದವರು ದೆಹಲಿಗೆ ಮರಳಬಹುದೆಂದು ಅನುಮತಿ ಕೊಟ್ಟನು. ಇಡೀ ಪ್ರಸಂಗದಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಈ ಘಳಿಗೆ. ಹೊರಡುವಾಗ ಯಾರಿಗೂ ಆಯ್ಕೆಯಿರಲಿಲ್ಲ. ಈಗ ಬಾಗಿಲು ತೆರೆಯಿತು. ಕೆಲವರು ಮರಳಿದರು, ಕೆಲವರು ಉಳಿದರು. ಅಜ್ಜನನ್ನು ದಾರಿಯಲ್ಲಿ ಮಣ್ಣು ಮಾಡಿ ಬಂದ ಇಸಾಮಿ ಉಳಿದವರಲ್ಲೊಬ್ಬನು. ಬಲವಂತದ ನಗರ ಅಷ್ಟರಲ್ಲಿ ಅವನ ಊರಾಗಿತ್ತು. 1347ರಲ್ಲಿ ದಖ್ಖನ್ನಿನ ಅಮೀರರು ದೌಲತಾಬಾದಿನಲ್ಲಿಯೇ ತುಘಲಕನ ವಿರುದ್ಧ ದಂಗೆಯೆದ್ದು, ಅಲಾವುದ್ದೀನ್ ಬಹ್ಮನ್ ಶಾಹನು ಸಿಂಹಾಸನವೇರಿ, ರಾಜಧಾನಿ ಕಲಬುರಗಿಗೆ ಬಂದಾಗ ಆ ರಾಜ್ಯವನ್ನು ಕಟ್ಟಿದವರಲ್ಲಿ ಹೀಗೆ ಉಳಿದವರೂ ಅವರ ಮಕ್ಕಳೂ ಇದ್ದರು. ಇಸಾಮಿ ತನ್ನ ‘ಫುತೂಹುಸ್ಸಲಾತೀನ್’ ಕಾವ್ಯವನ್ನು 1350ರಲ್ಲಿ ಮುಗಿಸಿ ಈ ಹೊಸ ಸುಲ್ತಾನನಿಗೇ ಅರ್ಪಿಸಿದನು. ದೆಹಲಿಯ ಬೇರು ಗಟ್ಟಿಯಾಗಲೆಂದು ಸಾಗಿಸಲ್ಪಟ್ಟವರು ದೆಹಲಿಯಿಂದ ಬೇರೆಯಾದ ರಾಜ್ಯಕ್ಕೆ ಬೇರಾದರು.

ಇದಕ್ಕೆ ಹೋಲುವ ಘಳಿಗೆಯೊಂದು ಮಕ್ಕಾ ವಿಜಯದ ದಿನಗಳಲ್ಲಿಯೂ ಬಂದಿತ್ತು. ಕ್ರಿ.ಶ. 630ರಲ್ಲಿ ಮಕ್ಕಾ ಕೈಸೇರಿದಾಗ ಮುಹಾಜಿರರನ್ನು ತಡೆಯುವವರು ಯಾರೂ ಇರಲಿಲ್ಲ. ಹುಟ್ಟಿದ ಊರು, ಕಳೆದುಕೊಂಡ ಮನೆಗಳು, ಕಅಬಾ ಎಲ್ಲವೂ ಎದುರಿಗಿದ್ದವು. ಪ್ರವಾದಿ(ಸ)ಯವರು ಇನ್ನು ತಮ್ಮ ಊರಿನಲ್ಲಿಯೇ ಉಳಿದುಬಿಡುವರೇನೋ ಎಂದು ಅನ್ಸಾರ್‌ಗಳು ತಮ್ಮೊಳಗೆ ಮಾತಾಡಿಕೊಂಡರು. ತಮ್ಮ ಬದುಕೂ ಮರಣವೂ ಅವರೊಂದಿಗೇ ಎಂದು ಪ್ರವಾದಿ(ಸ) ಅವರಿಗೆ ಭರವಸೆ ಕೊಟ್ಟು ಮದೀನಾಕ್ಕೆ ಮರಳಿದರು. ಹೊರಟದ್ದು ಹಿಂಸೆಯ ಕಾರಣದಿಂದ. ಮರಳಿದ್ದು ಬಾಗಿಲು ತೆರೆದಿರುವಾಗ. ಮದೀನಾ ಅವರ ಊರು ಎಂಬುದು ಅಂದು ಎರಡನೆಯ ಬಾರಿ ನಿಶ್ಚಯವಾಯಿತು.

ಕರೆದರೂ ಬರಲಾರೆ ಎನ್ನಬಲ್ಲವರೂ ಇದ್ದರು. ಬೀದರಿನ ವಝೀರ್ ಮಹ್ಮೂದ್ ಗವಾನ್ ಹೆರಾತಿನ ಕವಿ ಜಾಮಿಯನ್ನು ಪತ್ರ ಬರೆದು ಆಹ್ವಾನಿಸಿದನು, ಜಾಮಿ ಬರಲಿಲ್ಲ. ಹೆಸರೂ ಅನ್ನವೂ ಇದ್ದಲ್ಲಿಯೇ ಇರುವವನಿಗೆ ಅದು ಸಾಧ್ಯ. ಗವಾನನೇ ಗೀಲಾನಿನಲ್ಲಿ ಬದುಕು ಕಷ್ಟವಾಗಿ, ವ್ಯಾಪಾರದ ದಾರಿ ಹಿಡಿದು 1453ರ ಸುಮಾರಿಗೆ ದಖ್ಖನ್ನಿಗೆ ಬಂದವನು. ಕಲಬುರಗಿಯ ಕೋಟೆಯೊಳಗಿನ ಜಾಮಿಅ ಮಸೀದಿಯ 1367ರ ಶಾಸನದಲ್ಲಿ ಕಟ್ಟಿಸಿದವನ ಹೆಸರಿದೆ: ರಫೀಅ್, ಇರಾನಿನ ಕಝ್ವೀನ್ ಮೂಲದವನು. ಅವನನ್ನು ಇಷ್ಟು ದೂರ ತಂದದ್ದು ಕೆಲಸವೋ ಆಸೆಯೋ, ಶಾಸನ ಹೇಳುವುದಿಲ್ಲ.

ನಮ್ಮ ಕಾಲದ ಗುಳೆಯನ್ನೂ ಇದೇ ಬೆಳಕಿನಲ್ಲಿ ನೋಡಬೇಕಾಗಿದೆ. ಯಾದಗಿರಿ, ರಾಯಚೂರು, ಕಲಬುರಗಿಯ ಹಳ್ಳಿಗಳಿಂದ ಬೆಂಗಳೂರು, ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೆ ಹೋಗುವ ಕುಟುಂಬಗಳನ್ನು ಯಾವ ಸುಲ್ತಾನನೂ ಅಟ್ಟುವುದಿಲ್ಲ. ಬಸ್ಸಿನ ಟಿಕೆಟನ್ನು ಅವರೇ ಕೊಳ್ಳುತ್ತಾರೆ. ಆದರೆ ಮೇಸ್ತ್ರಿಯಿಂದ ಮುಂಗಡ ಪಡೆದವನು ಅದು ತೀರುವವರೆಗೆ ಮರಳುವಂತಿಲ್ಲ. ಕರಾವಳಿಯಿಂದ ಕೊಲ್ಲಿಗೆ ಹೋದವನ ಪಾಸ್‌ಪೋರ್ಟ್ ಮಾಲೀಕನ ಕಪಾಟಿನಲ್ಲಿದ್ದರೆ ಸಂಬಳ ಎಷ್ಟಿದ್ದರೂ ಬಾಗಿಲು ಮುಚ್ಚಿದಂತೆಯೇ. ಅದೇ ಬೆಂಗಳೂರಿನಲ್ಲಿ, ಊರಿನಲ್ಲಿ ಹೊಲವೂ ಮನೆಯೂ ಇರುವ, ಬೇಕಾದಾಗ ಮರಳಬಲ್ಲ ನೌಕರರೂ ಇದ್ದಾರೆ. ಇಬ್ಬರೂ ಕೆಲಸಕ್ಕಾಗಿಯೇ ಬಂದವರು. ಇಬ್ಬರ ಸ್ಥಿತಿ ಒಂದೇ ಎನ್ನಲು ಸಾಧ್ಯವೇ?

ಪವಿತ್ರ ಕುರ್‌ಆನ್ ಈ ಭೇದವನ್ನು ಗಮನಿಸಿದೆ. ಹಿಜ್ರತ್ ಮಾಡದೆ ಉಳಿದವರನ್ನು ಸೂರಃ ಅನ್ನಿಸಾ ಪ್ರಶ್ನಿಸುವಾಗ, ಉಪಾಯವೂ ದಾರಿಯೂ ಇಲ್ಲದ ಪುರುಷರು, ಸ್ತ್ರೀಯರು ಮತ್ತು ಮಕ್ಕಳನ್ನು ಪ್ರತ್ಯೇಕವಾಗಿ ಹೆಸರಿಸಿ ಹೊರಗಿಡುತ್ತದೆ. ಝಕಾತಿನ ಹಕ್ಕುದಾರರಲ್ಲಿ ಪ್ರಯಾಣಿಕನಿದ್ದಾನೆ. ಅವನು ಇಷ್ಟದಿಂದ ಹೊರಟನೋ ಕಷ್ಟದಿಂದ ಹೊರಟನೋ ಎಂದು ಅಲ್ಲಿ ಕೇಳಿಲ್ಲ. ಪ್ರಯಾಣ ಪಾಪಕ್ಕಾಗಿರಬಾರದು ಎಂದಷ್ಟೇ ಫುಕಹಾಗಳು ಹೇಳುತ್ತಾರೆ. ಆದರೆ ನಗರದ ಕೆಲವು ಮಸೀದಿಗಳಲ್ಲಿ ಶೆಡ್ಡಿನಲ್ಲಿ ವಾಸಿಸುವ ಗುಳೆಯವನಿಗೆ ‘ನಿಮ್ಮ ಊರಿನ ಜಮಾಅತಿನಲ್ಲಿ ಕೇಳಿ’ ಎನ್ನುತ್ತಾರೆ, ಊರಿನಲ್ಲಿ ‘ಅವನು ಹೋಗಿಬಿಟ್ಟನಲ್ಲ’ ಎನ್ನುತ್ತಾರೆ. ಮಯ್ಯಿತ್ ಎಲ್ಲಿ ದಫನ ಮಾಡಬೇಕೆಂಬಲ್ಲಿಗೂ ಈ ಮಾತು ಹೋಗುತ್ತದೆ. ಎರಡೂ ಜಮಾಅತಿನವರು ಮೊದಲು ಕೇಳಬೇಕಾದುದು ಅವನು ಏಕೆ ಬಂದನೆಂದಲ್ಲ, ಮರಳಲು ಅವನಿಂದ ಸಾಧ್ಯವಿದೆಯೇ ಎಂದು.

ದೌಲತಾಬಾದಿನ ದಾರಿಯಲ್ಲಿ ಹೋದ ಮಕ್ಕಳಲ್ಲಿ ಇನ್ನೊಬ್ಬರನ್ನು ಇನ್ನೂ ಹೇಳಿಲ್ಲ. 1321ರಲ್ಲಿ ದೆಹಲಿಯಲ್ಲಿ ಜನಿಸಿದ ಸಯ್ಯಿದ್ ಮುಹಮ್ಮದ್ ಹುಸೈನಿ, ಅಂದರೆ ನಮ್ಮ ಖ್ವಾಜಾ ಬಂದೇ ನವಾಝ್ ಗೇಸೂದರಾಝ್(ರಹ್), ತಂದೆತಾಯಿಯ ಜೊತೆ ಬಾಲ್ಯದಲ್ಲಿಯೇ ದೌಲತಾಬಾದಿಗೆ ಬಂದರು. ತಂದೆ 1331ರಲ್ಲಿ ತೀರಿಕೊಂಡು ಖುಲ್ದಾಬಾದಿನಲ್ಲಿ ದಫನಗೊಂಡರು. ನಾಲ್ಕಾರು ವರ್ಷಗಳಲ್ಲಿ, ಸೋದರಮಾವನೊಂದಿಗೆ ಮನಸ್ತಾಪವಾಗಿ ತಾಯಿ ಮಕ್ಕಳನ್ನು ಕರೆದುಕೊಂಡು ದೆಹಲಿಗೆ ಮರಳಿದರು. ಇಡೀ ವೃತ್ತಾಂತದಲ್ಲಿ ಸ್ತ್ರೀಯೊಬ್ಬರು ತಾವೇ ನಿರ್ಧರಿಸಿ ಹೊರಟದ್ದು ನಮಗೆ ಕಾಣುವುದು ಇಲ್ಲಿ ಮಾತ್ರ. ಆ ನಿರ್ಧಾರದಿಂದಲೇ ಹುಡುಗನಿಗೆ ಚಿರಾಗ್ ದೆಹಲಿಯವರ ಶಿಷ್ಯತ್ವ ದೊರೆಯಿತು.

1398ರ ಡಿಸೆಂಬರಿನಲ್ಲಿ ತೈಮೂರನು ದೆಹಲಿಯನ್ನು ಗೆದ್ದಾಗ ನಗರದ ಕಲ್ಲುಕುಟಿಗರನ್ನು ಸಮರ್ಖಂದದ ಮಸೀದಿ ಕಟ್ಟಲು ಹಿಡಿದು ಸಾಗಿಸಿದನು. ಅದೇ ದಿನಗಳಲ್ಲಿ, ಎಂಬತ್ತರ ಸಮೀಪದಲ್ಲಿದ್ದ ಖ್ವಾಜಾ ದಕ್ಷಿಣಕ್ಕೆ ಹೊರಟರು. ಗ್ವಾಲಿಯರ್, ಗುಜರಾತ್‌ಗಳನ್ನು ಹಾದು ಖುಲ್ದಾಬಾದಿಗೆ ಬಂದು ತಂದೆಯ ಕಬರ್ ಸಂದರ್ಶಿಸಿದರು. ಅಲ್ಲಿಂದ ಫಿರೋಝ್ ಶಾಹ್ ಬಹ್ಮನಿಯ ಆಹ್ವಾನದ ಮೇಲೆ 1400ರ ಸುಮಾರಿಗೆ ಕಲಬುರಗಿಗೆ ಬಂದರು. ಕೆಲವು ವರ್ಷಗಳ ಮೇಲೆ ಕೋಟೆಯ ಹತ್ತಿರದ ಖಾನ್‌ಖಾಹಿನ ಜನಸಂದಣಿ, ಗದ್ದಲ ಹೆಚ್ಚಾಯಿತೆಂದು ಅದೇ ಸುಲ್ತಾನನು ಅವರಿಗೆ ಬೇರೆಡೆ ಹೋಗಲು ಹೇಳಿದನು. ವೃದ್ಧರು ಮತ್ತೊಮ್ಮೆ ಗಂಟುಮೂಟೆ ಕಟ್ಟಿ, ಇಂದು ದರ್ಗಾ ಇರುವ ಜಾಗಕ್ಕೆ ತೆರಳಿದರು. ಊರು ಬಿಡಲಿಲ್ಲ. 1422ರಲ್ಲಿ ಅಲ್ಲಿಯೇ ವಫಾತಾದರು.