ಗೋಡೆ ಬೆವರುವ ಮೊದಲು: ಮುಂಬಯಿಯ ಒಂದು ಹಳೆಯ ಲೆಕ್ಕ

1896ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಪ್ಲೇಗನ್ನು ಗುರುತಿಸಿದಾಗ, ಸರ್ಕಾರದ ಬೆರಳು ಹೋದದ್ದು ಗೋಡೆಗಳತ್ತ. ಬಿಸಿಲು ಕಾಣದ, ಸದಾ ತೇವವಾಗಿರುವ ಚಾಳಿನ ಕೋಣೆಗಳೇ ರೋಗದ ತವರು ಎಂಬುದು ಆಗಿನ ನಂಬಿಕೆ. ನಿಜವಾದ ಅಪರಾಧಿ ಇಲಿಯ ಚಿಗಟ ಎಂದು ಪಾಲ್ ಲೂಯಿ ಸಿಮೊಂ 1898ರಲ್ಲಿ ಕರಾಚಿಯಲ್ಲಿ ಕಂಡುಕೊಂಡ. ಅದೇ ವರ್ಷ ಇಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಕಾರಣ ತಪ್ಪಾದರೂ ಅದು ಎತ್ತಿದ ಪ್ರಶ್ನೆ ಒಳ್ಳೆಯದೇ: ಕೋಣೆ ತೇವವಾಗುತ್ತದೆಯೇ ಎಂದು ಕಟ್ಟುವ ಮೊದಲೇ ತಿಳಿಯಬಹುದೇ?

ಟ್ರಸ್ಟಿನ ಮುಖ್ಯಸ್ಥ ಜೆ. ಪಿ. ಆರ್ 1912ರಲ್ಲಿ ಬೆಳಕು ಮತ್ತು ಗಾಳಿಯ ಬಗ್ಗೆ ಉಪನ್ಯಾಸ ಕೊಟ್ಟ. ಅವನ ಉತ್ತರ ಒಂದು ಕೋನ: 63½ ಡಿಗ್ರಿ. ಈ ಕೋನದ ಗಣಿತ ಸರಳ. ಎದುರಿನ ಕಟ್ಟಡದ ಎತ್ತರ ನಡುವಿನ ಬಯಲಿನ ಎರಡು ಪಟ್ಟು ಮೀರಬಾರದು. 40 ಅಡಿ ಎತ್ತರಕ್ಕೆ 20 ಅಡಿ ಜಾಗ. ನಕ್ಷೆಯ ಮೇಲೆ ಒಂದು ಗೆರೆ ಎಳೆದರೆ ಸಾಕು, ಯಾವ ಕೋಣೆ ಕತ್ತಲಾಗುತ್ತದೆ ಎಂದು ಗೊತ್ತಾಗುತ್ತದೆ. (ಟ್ರಸ್ಟ್ ಕೆಡವಿದಷ್ಟು ಕಟ್ಟಲಿಲ್ಲ, ಬಡವರು ಇನ್ನೊಂದು ಇಕ್ಕಟ್ಟಿಗೆ ಸರಿದರು. ಅದನ್ನು ಮರೆತು ಆರ್‌ನನ್ನು ಹೊಗಳುವುದು ನನಗೆ ಆಗದು.)

ಅದಕ್ಕಿಂತ ಒಂದು ವರ್ಷ ಹಿಂದೆ, 1911ರಲ್ಲಿ, ಅಮೆರಿಕದಲ್ಲಿ ವಿಲ್ಲಿಸ್ ಕ್ಯಾರಿಯರ್ ಗಾಳಿಯ ತೇವಾಂಶದ ಸೂತ್ರಗಳನ್ನು ಮಂಡಿಸಿದ್ದ. ಯಾವ ಉಷ್ಣತೆಯಲ್ಲಿ ಆವಿ ನೀರಾಗುತ್ತದೆ ಎಂಬುದನ್ನು ಎಣಿಸಬಹುದಾದ ಆ ಲೆಕ್ಕ, ಆರ್‌ನ ಕೋನದೊಳಗೆ ಎಲ್ಲೂ ಸೇರಲಿಲ್ಲ. ಕೋನಕ್ಕೆ ಗೋಡೆಯ ಉಷ್ಣತೆ ಗೊತ್ತಿಲ್ಲ. ಹಾಗೆ ನೋಡಿದರೆ ಆಗ ಅದರ ಅಗತ್ಯವೂ ಕಡಿಮೆ: ಕಿಟಕಿ ತೆರೆದ ಮನೆಯಲ್ಲಿ ಒಳಹೊರಗಿನ ಗಾಳಿ ಬಹುತೇಕ ಒಂದೇ.

ಕತೆ ಬದಲಾದದ್ದು ಎ.ಸಿ. ಬಂದ ಮೇಲೆ. ಜುಲೈನಲ್ಲಿ ಹೊರಗೆ 30 ಡಿಗ್ರಿ, ಆರ್ದ್ರತೆ ಶೇ. 80 ಎನ್ನಿ. ಆ ಗಾಳಿಯ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. ಒಳಗೆ 22ಕ್ಕೆ ಇಳಿಸಿ ಬಾಗಿಲು ಸಡಿಲ ಬಿಟ್ಟರೆ, ಹೊರಗಾಳಿ ತಣ್ಣನೆಯ ಮೇಲ್ಮೈಯನ್ನು ಮುಟ್ಟಿದಲ್ಲೆಲ್ಲ ನೀರು. ಬೀರುವಿನ ಹಿಂದೆ, ಗಾಳಿಯಾಡದ ಮೂಲೆಯಲ್ಲಿ, ಬೂಷ್ಟು. ನಮ್ಮ ಮನೆಯಲ್ಲಿ ಒಂದು ಮಳೆಗಾಲ ಪುಸ್ತಕದ ಕಪಾಟಿನ ಹಿಂಗೋಡೆ ಹಸಿರಾದಾಗ ನಾನು ಮಳೆಯನ್ನು ಬೈದೆ. ಅದು ಒಳಗೋಡೆ, ಮಳೆ ಅಲ್ಲಿಗೆ ತಲುಪುವಂತೆಯೇ ಇರಲಿಲ್ಲ.

ಗೋಡೆಯ ಪದರಪದರದಲ್ಲಿ ಆವಿ ಎಲ್ಲಿ ನೀರಾಗುತ್ತದೆ ಎಂದು ಗೆರೆ ಎಳೆದು ತೋರಿಸುವ ವಿಧಾನವನ್ನು ಹೆಲ್ಮುಟ್ ಗ್ಲೇಸರ್ 1958ರ ಹೊತ್ತಿಗೆ ಜರ್ಮನಿಯಲ್ಲಿ ಕೊಟ್ಟ. ಅವನು ಅದನ್ನು ರೂಪಿಸಿದ್ದು ಶೀತಲ ಕೋಠಿಗಳ ಗೋಡೆಗಾಗಿ. ಆಮೇಲೆ ಅದು ಹೆಚ್ಚಾಗಿ ಬಳಕೆಯಾದದ್ದು ಚಳಿ ದೇಶದ ಮನೆಗಳಿಗೆ, ಒಳಗಿನ ಆವಿ ಹೊರಗೆ ಹೋಗುವ ಲೆಕ್ಕದಲ್ಲಿ. ಮುಂಬಯಿಯ ಎ.ಸಿ. ಕೋಣೆಯಲ್ಲಿ ದಿಕ್ಕು ತಿರುವುಮುರುವು. ಆವಿ ತಡೆಯುವ ಹಾಳೆಯನ್ನು ಅಲ್ಲಿಯ ಪದ್ಧತಿಯಂತೆ ಒಳಬದಿಗೆ ಹಾಕಿದರೆ, ಒಳಗೆ ಬಂದ ಆವಿ ಹಾಳೆಯ ಹಿಂದೆಯೇ ಸಿಕ್ಕಿಕೊಳ್ಳುತ್ತದೆ. ಗಾಳಿಯೊಡನೆ ಬಡಿಯುವ ಮಳೆಯನ್ನಾಗಲಿ, ಇಟ್ಟಿಗೆ ಹೀರಿಟ್ಟುಕೊಳ್ಳುವ ನೀರನ್ನಾಗಲಿ ಗ್ಲೇಸರ್‌ನ ಗೆರೆ ಎಣಿಸುವುದಿಲ್ಲ. ಅವನ್ನು ಗಂಟೆಗಂಟೆಗೆ ಎಣಿಸುವ ಕಂಪ್ಯೂಟರ್ ಲೆಕ್ಕಕ್ಕೆ ಯುರೋಪಿನಲ್ಲಿ ಮಾನದಂಡ ಬಂದದ್ದು 2007ರಲ್ಲಿ. ಅಂಥ ಲೆಕ್ಕಕ್ಕೆ ಬೇಕಾದದ್ದು ಆ ಊರಿನದೇ ಹವೆ: ಕೊಲಾಬಾದ್ದು ಒಂದು, ಸಾಂತಾಕ್ರೂಜ್‌ದ್ದು ಇನ್ನೊಂದು.