ದಿವಾನಜಿಗೆ ಯಾವ ಸಂಸ್ಥೆ?

ನಮ್ಮ ತುಕ್ಕಾನಟ್ಟಿ, ಗೋಕಾಕ ಕಡೆ ಅಡತಿ ಅಂಗಡಿಯ ಕೀರ್ದಿ-ಖತಾವಣಿ ಬರೆಯುವವರಿಗೆ ದಿವಾನಜಿ ಅಂತಾರೆ. ಈ ಕೆಲಸಕ್ಕೆ ಯಾವ ಸಂಸ್ಥೆಯ ಸದಸ್ಯತ್ವವೂ ಬೇಕಿಲ್ಲ. ಚಾರ್ಟರ್ಡ್ ಅಕೌಂಟೆಂಟರಿಗೆ 1949ರಲ್ಲಿ, ಕಾಸ್ಟ್ ಅಕೌಂಟೆಂಟರಿಗೆ 1959ರಲ್ಲಿ, ಕಂಪನಿ ಸೆಕ್ರೆಟರಿಗಳಿಗೆ 1980ರಲ್ಲಿ ಕಾಯ್ದೆ ಬಂತು. ದಿವಾನಜಿ ಹೊರಗೇ ಉಳಿದರು.

ಬ್ರಿಟನ್ನಿನಲ್ಲಿ ಹಾಗಲ್ಲ. 2007ರ ನಿಯಮಗಳಿಂದ ಲೆಕ್ಕ ಬರೆಯುವವರೂ ವೃತ್ತಿಸಂಸ್ಥೆ ಇಲ್ಲವೇ ತೆರಿಗೆ ಇಲಾಖೆಯ ಮೇಲ್ವಿಚಾರಣೆಗೆ ಒಳಪಡಬೇಕಾಯಿತು.

ನಮ್ಮಲ್ಲಿ 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ 2005ರಲ್ಲಿ ಜಾರಿಯಾಯಿತು. 2023ರ ಮೇ 3ರಂದು, ಗ್ರಾಹಕರ ಪರವಾಗಿ ಆಸ್ತಿ ಕೊಳ್ಳುವ, ಬ್ಯಾಂಕ್ ಖಾತೆ ನಡೆಸುವ ಆ ಮೂರೂ ವೃತ್ತಿಯವರು ಅದರೊಳಗೆ ಬಂದರು. ಬರೀ ಲೆಕ್ಕ ಬರೆಯುವ ದಿವಾನಜಿಗೆ ಅದು ತಾಗದು. ಆದರೆ ಗೊತ್ತಿದ್ದೂ ಕಳ್ಳಹಣಕ್ಕೆ ನೆರವಾದರೆ, ಸದಸ್ಯತ್ವ ಇರಲಿ ಬಿಡಲಿ, ಕಾಯ್ದೆಯ 3ನೇ ಕಲಂ ಯಾರನ್ನೂ ಬಿಡುವುದಿಲ್ಲ. ಸಾವಕಾರರು ಹೇಳಿದಂತೆ ಬರೆಯುವ ಮುನ್ನ ಇದು ನೆನಪಿರಲಿ.